ನಾಗಿನ್ ವಂಶವಾಹಿಗೂ ನಾಗದೋಷಕ್ಕೂ ಸಂಬಂಧವಿಲ್ಲ

ಓದುಗರ ಪ್ರಶ್ನೆ:

"ನಮ್ಮದು ಗೌರಿಬಿದನೂರು ತಾಲ್ಲೂಕಿನ ಒಂದು ಹಳ್ಳಿ. ರೇಷ್ಮೆ ಹುಳು ಸಾಕುತ್ತೇವೆ. ನನ್ನ ಯಜಮಾನರ ಎರಡೂ ಕೈಗಳ ಕಿರುಬೆರಳು ಮತ್ತು ಉಂಗುರಬೆರಳು ಹುಟ್ಟಿನಿಂದಲೇ ನಡುವಿನ ಗೆಣ್ಣಿನಲ್ಲಿ ಮಡಚುವುದಿಲ್ಲ. ಮಾವನವರಿಗೂ ಹಾಗೆಯೇ. ಇಬ್ಬರಿಗೂ ಕಿವಿ ಮಂದ. ನಮ್ಮ ನಾಲ್ಕು ವರ್ಷದ ಮಗಳ ಕಿರುಬೆರಳುಗಳೂ ಕಡ್ಡಿಯಂತೆ ನೆಟ್ಟಗಿವೆ. ಹಿಂದಿನಿಂದ ಕರೆದರೆ ತಿರುಗುವುದಿಲ್ಲ ಎಂದು ಅಂಗನವಾಡಿ ಟೀಚರ್ ಹೇಳಿದರು. ಬೆಂಗಳೂರಿನಲ್ಲಿ ಮಗಳ ರಕ್ತ ಪರೀಕ್ಷೆ ಮಾಡಿಸಿದಾಗ 'ನಾಗಿನ್' ಎಂಬ ವಂಶವಾಹಿಯಲ್ಲಿ ದೋಷವಿದೆ ಎಂದು ವರದಿ ಬಂತು. ಅದನ್ನು ಕೇಳಿದ್ದೇ ತಡ, ಅತ್ತೆಯವರು ಇದು ನಾಗದೋಷವೇ, ಬೋರ್‌ವೆಲ್ ಕೊರೆಸುವಾಗ ಹುತ್ತ ಒಡೆಸಿದ್ದಕ್ಕೆ ಹೀಗಾಯಿತು, ವಿದುರಾಶ್ವತ್ಥದಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸಬೇಕು ಎನ್ನುತ್ತಿದ್ದಾರೆ. ಅಕ್ಕಪಕ್ಕದವರು ಫ್ಲೋರೈಡ್ ನೀರು ಎನ್ನುತ್ತಾರೆ. ನನ್ನ ಅಮ್ಮ ಗ್ರಹಣ ಎನ್ನುತ್ತಾರೆ. ಯಜಮಾನರು ನನ್ನ ಸೋದರತ್ತೆಯ ಮಗ. ಸಂಬಂಧದಲ್ಲಿ ಮದುವೆಯಾದದ್ದೇ ತಪ್ಪು ಎಂದು ಆಸ್ಪತ್ರೆಯೊಂದರಲ್ಲಿ ಬೈಸಿಕೊಂಡೆ. ನನಗೀಗ ಎರಡೂವರೆ ತಿಂಗಳು. ಈ ಮಗುವಿಗೂ ಹೀಗೇ ಆಗುತ್ತದೆಯೇ? ತೆಗೆಸಿಬಿಡುವುದು ಒಳ್ಳೆಯದು ಎನ್ನುವವರೂ ಇದ್ದಾರೆ. ಆ ಪ್ರೋಟೀನ್ ಹೆಚ್ಚಾಗಲು ಮಾತ್ರೆ ಏನಾದರೂ ಇದೆಯೇ? ಮಗಳ ಬೆರಳಿಗೆ ಆಪರೇಷನ್ ಮಾಡಿಸಬಹುದೇ?"

ಉತ್ತರ:

ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿರುವ ಪ್ರಶ್ನೆಗಳು ಮೂರ್ನಾಲ್ಕಾದರೂ, ಕೇಳದೆ ಬಿಟ್ಟ ಒಂದು ಪ್ರಶ್ನೆ ಅವೆಲ್ಲದರ ಅಡಿಯಲ್ಲಿದೆ: ಇದು ಯಾರ ತಪ್ಪು? ಹುತ್ತ ಒಡೆಸಿದವರದ್ದೋ, ನೀರಿನದ್ದೋ, ಗ್ರಹಣದ ದಿನ ಹೊರಗೆ ಬಂದ ನಿಮ್ಮದೋ, ಸಂಬಂಧ ಕುದುರಿಸಿದ ಹಿರಿಯರದ್ದೋ? ಅದಕ್ಕೆ ಉತ್ತರ ಚಿಕ್ಕದು. ಯಾರದ್ದೂ ಅಲ್ಲ. ಆದರೆ ಹೀಗೆ ಒಂದು ಮಾತಿನಲ್ಲಿ ಹೇಳಿದರೆ ನಿಮ್ಮ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಆದ್ದರಿಂದ ಆ ಹೆಸರಿನಿಂದಲೇ ಆರಂಭಿಸುತ್ತೇನೆ.

ವರದಿಯಲ್ಲಿರುವ 'ನಾಗಿನ್' ಹಾವಲ್ಲ. ಇಂಗ್ಲಿಷಿನ ಆಡುಮಾತಿನಲ್ಲಿ ಈ ಪದಕ್ಕೆ ತಲೆ ಎಂದರ್ಥ. ನಾವು 'ಬುರುಡೆ' ಎನ್ನುತ್ತೇವಲ್ಲ, ಹಾಗೆ. 1992ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ವಿಲಿಯಂ ಸ್ಮಿತ್ ಮತ್ತು ರಿಚರ್ಡ್ ಹಾರ್ಲೆಂಡ್ ಎಂಬ ವಿಜ್ಞಾನಿಗಳು ಕಪ್ಪೆಯ ಭ್ರೂಣದಲ್ಲಿ ಒಂದು ಹೊಸ ಪ್ರೋಟೀನನ್ನು ಗುರುತಿಸಿದರು. ಅದು ಅತಿಯಾದಾಗ ಭ್ರೂಣಕ್ಕೆ ದೇಹಕ್ಕೆ ಹೊಂದದಷ್ಟು ದೊಡ್ಡ ತಲೆ ಬೆಳೆಯುತ್ತಿತ್ತು. ಅದನ್ನು ಕಂಡು ಇಟ್ಟ ಹೆಸರಿದು. ಪ್ರಯೋಗಾಲಯದವರ ಈ ತಮಾಷೆ ಸಮುದ್ರ ದಾಟಿ ಗೌರಿಬಿದನೂರಿಗೆ ಬರುವ ಹೊತ್ತಿಗೆ ನಾಗರಹಾವಾಗಿದೆ. ನಿಮ್ಮ ಅತ್ತೆಯವರನ್ನು ನಾನು ದೂರುವುದಿಲ್ಲ. ಸಾವಿರಾರು ನಾಗರಕಲ್ಲುಗಳಿರುವ ವಿದುರಾಶ್ವತ್ಥದ ಪಕ್ಕದಲ್ಲಿ ಬದುಕುವವರ ಕಿವಿಗೆ ಆ ಶಬ್ದ ಬೇರೆ ಹೇಗೆ ಕೇಳಿಸಬೇಕಿತ್ತು? ಅವರಿಗೆ ಒಂದು ಮಾತು ಮಾತ್ರ ನೆನಪಿಸಿ: ಮಾವನವರ ಬೆರಳುಗಳು ಅವರು ಹುಟ್ಟಿದಾಗಲೇ ನೆಟ್ಟಗಿದ್ದವು. ಆಗ ನಿಮ್ಮ ಹೊಲದಲ್ಲಿ ಬೋರ್‌ವೆಲ್ ಇರಲಿಲ್ಲ, ಹುತ್ತವನ್ನು ಯಾರೂ ಮುಟ್ಟಿರಲಿಲ್ಲ.

ಈಗ ಆ ಪ್ರೋಟೀನ್ ಮಾಡುವ ಕೆಲಸಕ್ಕೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಉಳಿದ ಪ್ರಶ್ನೆಗಳ ಉತ್ತರವೂ ಇದರಲ್ಲೇ ಇದೆ.

ಬಸಿರಿನಲ್ಲಿ ಮಗು ಬೆಳೆಯುವುದೆಂದರೆ ಎಲ್ಲವೂ ಬೆಳೆಯುತ್ತಾ ಹೋಗುವುದು ಎಂದು ನಾವು ತಿಳಿದಿರುತ್ತೇವೆ. ಅದು ಅರ್ಧ ಸತ್ಯ. ಜೀವಕೋಶಗಳಿಗೆ 'ಬೆಳೆ, ಮೂಳೆಯಾಗು, ಚರ್ಮವಾಗು' ಎಂದು ಹೇಳುವ ಪ್ರೋಟೀನ್‌ಗಳಿವೆ. ಅವನ್ನು ಬೆಳವಣಿಗೆ ಅಂಶಗಳು ಎನ್ನುತ್ತೇವೆ. ಅವುಗಳಲ್ಲಿ ಒಂದು ದೊಡ್ಡ ಕುಟುಂಬದ ಹೆಸರು ಬಿಎಂಪಿ. ಮೂಳೆಯೊಳಗೆ ಹೊಸ ಮೂಳೆಯನ್ನು ಹುಟ್ಟಿಸುವ ಶಕ್ತಿಯೊಂದಿದೆ ಎಂದು 1965ರಲ್ಲಿ ಮಾರ್ಷಲ್ ಯೂರಿಸ್ಟ್ ಎಂಬ ಮೂಳೆವೈದ್ಯರು ತೋರಿಸಿದರು; ಬಿಎಂಪಿಯ ಕಥೆ ಅಲ್ಲಿಂದ ಶುರು. ಆದರೆ ಎಲ್ಲೆಡೆ ಬೆಳೆ ಎನ್ನುವವರೇ ಇದ್ದರೆ ಕೈ ಕೈಯಾಗುವುದಿಲ್ಲ, ಮುದ್ದೆಯಾಗುತ್ತದೆ. ಇಲ್ಲಿ ಬೇಡ, ಇಷ್ಟು ಸಾಕು ಎನ್ನುವವರೂ ಬೇಕು. ನಾಗಿನ್, ಕಾರ್ಡಿನ್, ಫಾಲಿಸ್ಟಾಟಿನ್, ಗ್ರೆಮ್ಲಿನ್ ಎಲ್ಲವೂ ಅಂಥ ತಡೆಯುವ ಪ್ರೋಟೀನ್‌ಗಳು.

ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕೆರೆಗಳ ಸೀಮೆ. ಹಿಂದೆ ಪ್ರತಿ ಕೆರೆಗೂ ಒಬ್ಬ ನೀರುಗಂಟಿ ಇರುತ್ತಿದ್ದ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ತೂಬು ಯಾವಾಗ ಮುಚ್ಚಬೇಕು ಎಂಬುದು ಅವನ ಕೆಲಸ. ಕೆರೆಯಲ್ಲಿ ನೀರಿದ್ದರೆ ಸಾಲದು, ತಡೆಯುವವನು ಬೇಕು. ಇಲ್ಲದಿದ್ದರೆ ಮೇಲಿನ ಗದ್ದೆ ಕೊಳೆಯುತ್ತದೆ. ಬಿಎಂಪಿ ಎಂಬ ನೀರಿಗೆ ನಾಗಿನ್ ನೀರುಗಂಟಿ ಎಂದುಕೊಳ್ಳಿ. ಹೋಲಿಕೆ ಪೂರ್ತಿ ಸರಿಯಲ್ಲ. ನೀರುಗಂಟಿ ತೂಬನ್ನು ಮುಚ್ಚುತ್ತಾನೆ. ನಾಗಿನ್ ಹಾಗೆ ಮಾಡದೆ, ಹರಿದುಬರುವ ಬಿಎಂಪಿಯನ್ನೇ ಜೀವಕೋಶದ ಹೊರಗೆ ಹಿಡಿದುಕೊಳ್ಳುತ್ತದೆ. ಎರಡು ತುಂಡುಗಳ ಕ್ಲಿಪ್ಪಿನಂತೆ ಬಿಎಂಪಿಯನ್ನು ಕಚ್ಚಿಕೊಂಡು, ಅದು ಜೀವಕೋಶದ ಗ್ರಾಹಕಕ್ಕೆ, ಅಂದರೆ ಸಂದೇಶ ಪಡೆಯುವ ಭಾಗಕ್ಕೆ, ಅಂಟಬೇಕಾದ ಜಾಗಗಳನ್ನು ಮರೆಮಾಡುತ್ತದೆ. ಅಲ್ಲಿಗೆ ಸಂದೇಶ ನಿಂತಿತು.

ಈ ತಡೆಯುವಿಕೆಯ ಮಹತ್ವ ತಿಳಿಯಲು ವಿಜ್ಞಾನಕ್ಕೆ ಬಹಳ ಕಾಲ ಹಿಡಿಯಿತು. 1924ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಜರ್ಮನಿಯ ಹಾನ್ಸ್ ಸ್ಪೆಮಾನ್ ಮತ್ತು ಅವರ ವಿದ್ಯಾರ್ಥಿನಿ ಹಿಲ್ಡೆ ಮಾಂಗೋಲ್ಡ್, ಹಲ್ಲಿಯಂತೆ ಕಾಣುವ ನ್ಯೂಟ್ ಎಂಬ ಉಭಯಚರದ ಒಂದು ಭ್ರೂಣದಿಂದ ಸಣ್ಣ ಚೂರೊಂದನ್ನು ತೆಗೆದು ಇನ್ನೊಂದು ಭ್ರೂಣದ ಹೊಟ್ಟೆಯ ಕಡೆಗೆ ಕಸಿ ಮಾಡಿದರು. ಆ ಜಾಗದಲ್ಲಿ ಎರಡನೆಯ ಭ್ರೂಣವೇ ಅಂಟಿಕೊಂಡಂತೆ ಬೆಳೆಯಿತು. ಸ್ಪೆಮಾನ್‌ಗೆ 1935ರಲ್ಲಿ ನೊಬೆಲ್ ಬಂತು. ಮಾಂಗೋಲ್ಡ್ ಮಾತ್ರ ಪ್ರಬಂಧ ಪ್ರಕಟವಾದ ವರ್ಷವೇ ಬೆಂಕಿ ಅವಘಡದಲ್ಲಿ ತೀರಿಕೊಂಡಿದ್ದರು. ಆ ಚೂರಿನಲ್ಲಿ ಏನಿತ್ತು ಎಂದು ಎಲ್ಲರೂ ದಶಕಗಳ ಕಾಲ ಹುಡುಕಿದರು. 'ಮಿದುಳಾಗು' ಎಂದು ಆಜ್ಞಾಪಿಸುವ ವಸ್ತು ಇರಬೇಕು ಎಂಬುದು ಅವರ ಊಹೆ. ಸಿಕ್ಕಿದ್ದು ಬೇರೆಯೇ. ಭ್ರೂಣದ ಆ ಹೊರಪದರ ಬಿಎಂಪಿ ಇದ್ದರೆ ಚರ್ಮವಾಗುತ್ತದೆ, ಬಿಎಂಪಿಯನ್ನು ತಡೆದರೆ ನರಮಂಡಲವಾಗುತ್ತದೆ. ಆ ಚೂರು ಸುರಿಸುತ್ತಿದ್ದದ್ದು ತಡೆಯುವ ಪ್ರೋಟೀನ್‌ಗಳನ್ನು, ಅದರಲ್ಲೊಂದು ನಾಗಿನ್. ನಾವು ಯೋಚಿಸುವ ಅಂಗವೇ ಯಾರೋ 'ಬೇಡ' ಎಂದದ್ದರಿಂದ ಹುಟ್ಟಿದ್ದು. ಇಷ್ಟು ವರ್ಷಗಳಾದರೂ ಈ ಸಂಗತಿ ನನಗೆ ಹಳತಾಗಿಲ್ಲ.

ಬೆರಳಿನ ಕಥೆಯೂ ಇದೇ ಬಗೆಯದು. ಭ್ರೂಣದ ಕೈ ಮೊದಲು ದೋಣಿಯ ಚಪ್ಪಟೆ ಹುಟ್ಟಿನಂತಿರುತ್ತದೆ. ಅದರೊಳಗೆ ಪ್ರತಿ ಬೆರಳಿಗೂ ಮೃದ್ವಸ್ಥಿಯ, ಅಂದರೆ ಮೆದುಮೂಳೆಯ, ಒಂದೊಂದು ಕಡ್ಡಿ ಮೂಡುತ್ತದೆ, ಗೆಣ್ಣಿಲ್ಲದ ಕಬ್ಬಿನ ಹಾಗೆ, ಉದ್ದಕ್ಕೂ ಒಂದೇ. ಆಮೇಲೆ ಗೊತ್ತಾದ ಜಾಗಗಳಲ್ಲಿ ಮೃದ್ವಸ್ಥಿಯ ಬೆಳವಣಿಗೆ ನಿಂತು, ಅಲ್ಲಿನ ಜೀವಕೋಶಗಳು ಬೇರೆ ದಾರಿ ಹಿಡಿದು, ಕಡ್ಡಿ ತುಂಡಾಗಿ, ನಡುವೆ ಸಂದು ಬಿಡುತ್ತದೆ. ಆ ಸಂದೇ ಗೆಣ್ಣು. ಗೆಣ್ಣು ಅಂದರೆ ಮೂಳೆಯಾಗಬಾರದು ಎಂದು ತಡೆದ ಜಾಗ. ಅಲ್ಲಿ ಬಿಎಂಪಿಯನ್ನು ಹಿಡಿಯುವಷ್ಟು ನಾಗಿನ್ ಇಲ್ಲದಿದ್ದರೆ ಕಡ್ಡಿ ಕಡ್ಡಿಯಾಗಿಯೇ ಉಳಿದು, ಮುಂದೆ ಹಾಗೆಯೇ ಮೂಳೆಯಾಗುತ್ತದೆ. ನಾಗಿನ್ ಒಂದಿಷ್ಟೂ ಇಲ್ಲದಂತೆ ಮಾಡಿದ ಇಲಿಗಳಲ್ಲಿ ಕೀಲುಗಳೇ ಮೂಡಲಿಲ್ಲ ಎಂದು 1998ರಲ್ಲಿ ಕಂಡುಬಂತು. ಮರುವರ್ಷವೇ, ನಿಮ್ಮ ಮನೆಯಲ್ಲಿರುವಂಥ ಬೆರಳುಗಳುಳ್ಳ ಕುಟುಂಬಗಳಲ್ಲಿ ನಾಗಿನ್ ವಂಶವಾಹಿಯ ದೋಷ ಪತ್ತೆಯಾಯಿತು. ಈ ಸ್ಥಿತಿಗೆ ಸಿಂಫಲಾಂಜಿಸಂ ಎಂಬ ನಾಲಿಗೆ ತಿರುಗದ ಹೆಸರಿಟ್ಟವರು ಹಾರ್ವಿ ಕುಶಿಂಗ್, 1916ರಲ್ಲಿ. ಮಿದುಳಿನ ಶಸ್ತ್ರಚಿಕಿತ್ಸೆಗೆ ಹೆಸರಾದ ಆ ವೈದ್ಯರು ತಲೆಮಾರುಗಳಿಂದ ಹರಿದುಬಂದ ನೆಟ್ಟ ಬೆರಳುಗಳ ಒಂದು ಕುಟುಂಬದ ಬಗ್ಗೆ ಬರೆದರು. ನಿಮ್ಮ ಮನೆತನ ಒಂಟಿಯಲ್ಲ.

ನಿಮ್ಮ ಮಗಳ ಕಿರುಬೆರಳನ್ನು ಬೆಳಕಿನಲ್ಲಿ ನೋಡಿ. ನಡುವಿನ ಗೆಣ್ಣಿರಬೇಕಾದ ಕಡೆ ಚರ್ಮದಲ್ಲಿ ಗೆರೆ ಇರುವುದಿಲ್ಲ, ಇದ್ದರೂ ಮಸುಕಾಗಿರುತ್ತದೆ. ಮಡಚದ ಜಾಗದಲ್ಲಿ ಗೆರೆ ಮೂಡುವುದಿಲ್ಲ. ನಮ್ಮ ಅಜ್ಜಿಯರು ಬೆರಳಿನ ಗೆರೆ ಹಿಡಿದು ಲೆಕ್ಕ ಮಾಡುತ್ತಿದ್ದರಲ್ಲ, ಆ ಲೆಕ್ಕ ಈ ಬೆರಳಿನಲ್ಲಿ ನಡೆಯುವುದಿಲ್ಲ. ಸಾಮಾನ್ಯವಾಗಿ ಕಿರುಬೆರಳಿನಲ್ಲಿ ಇದು ಹೆಚ್ಚು, ತೋರುಬೆರಳಿನ ಕಡೆಗೆ ಬರುತ್ತಾ ಕಡಿಮೆ. ನಿಮ್ಮ ಯಜಮಾನರಿಗೂ ಮಗಳಿಗೂ ಇರುವ ವಿನ್ಯಾಸ ಅದೇ.

ಹಾಗಾದರೆ ಮಿದುಳಿಗೆ ತೊಂದರೆಯಾಗಿಲ್ಲವೇ ಎಂದು ನೀವು ಕೇಳಬಹುದು. ಆಗಿಲ್ಲ. ಈ ವಂಶವಾಹಿಯ ಎರಡು ಪ್ರತಿಗಳು ಎಲ್ಲರಲ್ಲೂ ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ನಿಮ್ಮ ಮಗಳಲ್ಲಿ ಕೆಟ್ಟಿರುವುದು ಒಂದೇ. ಇನ್ನೊಂದು, ನೀವು ಕೊಟ್ಟದ್ದು, ಕೆಲಸ ಮಾಡುತ್ತಿದೆ. ತಲೆಯ ಭಾಗದಲ್ಲಿ ಕಾರ್ಡಿನ್‌ನಂಥ ಬೇರೆ ತಡೆಗಾರರೂ ಕಾವಲಿದ್ದುದರಿಂದ ಅಲ್ಲಿ ಅರ್ಧ ನಾಗಿನ್ ಸಾಕಾಯಿತು. ಬೆರಳಿನ ಗೆಣ್ಣುಗಳಿಗೆ ಸಾಲಲಿಲ್ಲ. ಕಿವಿಯ ಒಂದು ಪುಟ್ಟ ಕೀಲಿಗೂ ಸಾಲಲಿಲ್ಲ.

ನಡುಗಿವಿಯಲ್ಲಿ ಮೂರು ಸಣ್ಣ ಮೂಳೆಗಳಿವೆ. ಕೊನೆಯದು ರಿಕಾಪು; ಕುದುರೆ ಸವಾರನ ಪಾದ ಇಡುವ ರಿಕಾಪಿನ ಆಕಾರದ್ದು, ದೇಹದಲ್ಲೇ ಅತಿ ಚಿಕ್ಕ ಮೂಳೆ. ಶಬ್ದ ಬಂದಾಗ ಅದು ಒಳಗಿವಿಯ ಕಿಟಕಿಯಲ್ಲಿ ಪಿಸ್ಟನ್‌ನಂತೆ ಅಲುಗಬೇಕು. ಅದರ ಪಾದ ಸುತ್ತಲಿನ ಮೂಳೆಗೆ ಅಂಟಿಕೊಂಡರೆ ಶಬ್ದ ಒಳಗೆ ಹೋಗುವುದಿಲ್ಲ. ನರ ಚೆನ್ನಾಗಿರುತ್ತದೆ, ಬಾಗಿಲು ಮಾತ್ರ ತೆರೆಯುವುದಿಲ್ಲ. ಬೆರಳಿಗೂ ಕಿವಿಗೂ ಏನು ಸಂಬಂಧ ಎಂದು ನೀವು ಪತ್ರದಲ್ಲಿ ಕೇಳದಿದ್ದರೂ ನಾನು ಹೇಳಲು ಕಾರಣವಿದೆ: ನೆಟ್ಟ ಬೆರಳಿನ ಮಗುವನ್ನು ಕಂಡರೆ ಕಿವಿ ನೋಡಬೇಕು ಎಂಬುದು ವೈದ್ಯರಿಗೂ ಎಷ್ಟೋ ಸಲ ಹೊಳೆಯುವುದಿಲ್ಲ. ನಿಮ್ಮ ಅಂಗನವಾಡಿ ಟೀಚರ್‌ಗೆ ಹೊಳೆಯಿತು. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಇನ್ನು ಊರಿನವರ ಕಾರಣಗಳು. ಗ್ರಹಣದ್ದನ್ನು ಬೇಗ ಮುಗಿಸುತ್ತೇನೆ: ಮಗಳಿಗೆ ಬಂದದ್ದು ತಂದೆಯಿಂದ, ತಂದೆಗೆ ಅವರ ತಂದೆಯಿಂದ. ನೀವು ಯಾವ ಗ್ರಹಣದಲ್ಲಿ ಯಾವ ತರಕಾರಿ ಹೆಚ್ಚಿದಿರಿ ಎಂಬುದು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಫ್ಲೋರೈಡ್ ವಿಚಾರ ಹಾಗೆ ತಳ್ಳಿಹಾಕುವಂಥದ್ದಲ್ಲ. ಗೌರಿಬಿದನೂರು, ಬಾಗೇಪಲ್ಲಿ, ಆಚೆ ಪಾವಗಡದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿರುವುದು ನಿಜ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 1.5 ಎಂಬುದು ನಮ್ಮ ದೇಶದ ಮಾನದಂಡ. ವರ್ಷಾನುಗಟ್ಟಲೆ ಅದಕ್ಕಿಂತ ಹೆಚ್ಚು ಕುಡಿದವರಿಗೆ ಹಲ್ಲಿನ ಮೇಲೆ ಕಂದು ಕಲೆ ಬರುತ್ತದೆ, ಅದಕ್ಕೂ ಬಹಳ ಹೆಚ್ಚಾದರೆ ವಯಸ್ಸಾಗುತ್ತಾ ಬೆನ್ನು, ಕುತ್ತಿಗೆ, ಮಂಡಿ ಬಿಗಿಯುತ್ತವೆ. ನೆರೆಯವರು ಅಂಥ ಹಿರಿಯರನ್ನು ಕಣ್ಣಾರೆ ಕಂಡಿರುತ್ತಾರೆ, ಅದಕ್ಕೇ ಹಾಗೆನ್ನುತ್ತಾರೆ. ಆದರೆ ಫ್ಲೋರೈಡ್ ಮಾಡುವುದು ಇದ್ದ ಕೀಲನ್ನು ನಿಧಾನವಾಗಿ ಬಿಗಿಯುವುದು. ಹುಟ್ಟುವಾಗಲೇ ಕಿರುಬೆರಳಿನ ಒಂದು ಗೆಣ್ಣನ್ನು ಇಲ್ಲವಾಗಿಸಿ, ಪಕ್ಕದ ಗೆಣ್ಣನ್ನು ಚೆನ್ನಾಗಿ ಉಳಿಸುವ ಆಯ್ಕೆ ಅದಕ್ಕೆ ಗೊತ್ತಿಲ್ಲ. ನೀರನ್ನು ಪರೀಕ್ಷೆ ಮಾಡಿಸಿ, ಶುದ್ಧ ನೀರಿನ ಘಟಕದ್ದನ್ನೇ ಕುಡಿಯಿರಿ. ಅದು ಬೇರೆ ಕಾರಣಕ್ಕೆ.

ಸಂಬಂಧದ ಮದುವೆಯ ಬಗ್ಗೆ ನಿಮ್ಮನ್ನು ಬೈದವರು ಅವಸರಪಟ್ಟಿದ್ದಾರೆ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳಿವೆ; ಸೋದರಿಕೆಯ ಮದುವೆಯಲ್ಲಿ ಅವುಗಳ ಸಂಭವ ಏರುತ್ತದೆ, ಹುಟ್ಟುಕಿವುಡಿನ ಹಲವು ಬಗೆಗಳು ಅಂಥವು. ಇದು ಹಾಗಲ್ಲ. ಒಂದೇ ಪ್ರತಿ ಕೆಟ್ಟರೂ ಕಾಣಿಸಿಕೊಳ್ಳುವ ಸ್ಥಿತಿ ಇದು. ನಿಮಗೂ ಯಜಮಾನರಿಗೂ ಇರುವ ರಕ್ತಸಂಬಂಧ ಅತ್ತೆಯವರ ಕಡೆಯಿಂದ; ಬೆರಳು ಬಂದದ್ದು ಮಾವನವರ ಕಡೆಯಿಂದ. ನೀವು ದೂರದ ಬೀದರಿನವರಾಗಿದ್ದರೂ ಮಗಳ ಬೆರಳು ಹೀಗೇ ಇರಬಹುದಿತ್ತು. ಆದರೆ ಒಂದನ್ನು ಇಂದೇ ನೆನಪಿಡಿ: ಮುಂದೆ ಮಗಳಿಗೆ ಮಾವನವರ ಕಡೆಯ, ಇದೇ ಬೆರಳುಗಳಿರುವ ಹುಡುಗನನ್ನು ತರಬೇಡಿ. ಇಬ್ಬರಲ್ಲೂ ದೋಷವಿದ್ದರೆ ನಾಲ್ಕರಲ್ಲಿ ಒಂದು ಮಗುವಿಗೆ ಎರಡೂ ಪ್ರತಿ ಕೆಟ್ಟದ್ದೇ ಬರುವ ಸಂಭವವಿರುತ್ತದೆ. ಇಲಿಗಳಲ್ಲಿ ಹಾಗಾದಾಗ ಮರಿ ಬದುಕಿ ಉಳಿಯಲಿಲ್ಲ.

ಈಗ ಹೊಟ್ಟೆಯಲ್ಲಿರುವ ಮಗು. ಯಜಮಾನರಿಂದ ಕೆಟ್ಟ ಪ್ರತಿ ಬರುವ ಸಂಭವ ಅರ್ಧಕ್ಕರ್ಧ. ಮೊದಲ ಮಗುವಿಗೆ ಬಂದಿದೆ, ಆದ್ದರಿಂದ ಎರಡನೆಯದಕ್ಕೆ ಬರುವುದಿಲ್ಲ ಎಂದಾಗಲಿ, ಬಂದೇ ಬರುತ್ತದೆ ಎಂದಾಗಲಿ ಹೇಳುವಂತಿಲ್ಲ. ಪ್ರತಿ ಸಲವೂ ನಾಣ್ಯ ಹೊಸದಾಗಿ ಚಿಮ್ಮುತ್ತದೆ. ಬಂದರೂ ಎಷ್ಟು ಬೆರಳು, ಕಿವಿ ಎಷ್ಟು ಮಂದ ಎಂಬುದು ಒಂದೇ ಮನೆಯಲ್ಲೂ ಬೇರೆ ಬೇರೆ.

ಯಾವುದೇ ನಿರ್ಧಾರಕ್ಕೆ ಮುಂಚೆ ವರದಿಯ ಒಂದು ಪದ ನೋಡಬೇಕು. ಕಂಡುಬಂದ ಬದಲಾವಣೆ 'ರೋಗಕಾರಕ' ಎಂದಿದೆಯೇ, 'ಬಹುಶಃ ರೋಗಕಾರಕ' ಎಂದಿದೆಯೇ, ಅಥವಾ 'ಅರ್ಥ ಅನಿಶ್ಚಿತ' ಎಂದಿದೆಯೇ? ಮೂರನೆಯದಾದರೆ ಅದನ್ನು ನಂಬಿ ಬಸಿರಿನಲ್ಲಿ ಪರೀಕ್ಷೆ ಮಾಡಿಸುವುದು ತಪ್ಪು. ಆಗ ಮಾವನವರು ಮತ್ತು ಯಜಮಾನರ ರಕ್ತದಲ್ಲಿ ಅದೇ ಬದಲಾವಣೆ ಇದೆಯೇ ಎಂದು ನೋಡಬೇಕು. ಇಂಥದ್ದೇ ಬೆರಳುಗಳು ಜಿಡಿಎಫ್5 ಎಂಬ ಬೇರೊಂದು ವಂಶವಾಹಿಯಿಂದಲೂ ಬರಬಹುದು. ನನ್ನ ಅನುಭವದಲ್ಲಿ ಕುಟುಂಬಗಳು ಎಡವುವುದು ಇಲ್ಲಿಯೇ. ವರದಿಯ ಮೊದಲ ಪುಟದ ದಪ್ಪಕ್ಷರ ಓದಿ ಮೂರನೆಯ ಪುಟದ ಷರತ್ತನ್ನು ಬಿಟ್ಟುಬಿಡುತ್ತಾರೆ.

ಬದಲಾವಣೆ ಖಚಿತವಾದರೆ ನಿಮ್ಮ ಮುಂದೆ ಇರುವ ದಾರಿಗಳು ಇವು. 11ರಿಂದ 14ನೇ ವಾರದೊಳಗೆ ಮಾಸಿನ ಸಣ್ಣ ಚೂರು ತೆಗೆದು ಪರೀಕ್ಷಿಸಬಹುದು. ಅಂದರೆ ನಿಮಗೆ ಸಮಯ ಹತ್ತಿರವಿದೆ. ಅಥವಾ 15ನೇ ವಾರದ ನಂತರ ಗರ್ಭದ ನೀರು ತೆಗೆದು ನೋಡಬಹುದು. ಅನುಭವಿಗಳ ಕೈಯಲ್ಲಿ ಇವುಗಳಿಂದ ಗರ್ಭಪಾತವಾಗುವ ಹೆಚ್ಚುವರಿ ಅಪಾಯ ಇನ್ನೂರರಲ್ಲಿ ಒಂದಕ್ಕಿಂತ ಕಡಿಮೆ. ಕಡಿಮೆಯೇ, ಆದರೆ ಸೊನ್ನೆಯಲ್ಲ. ಪರೀಕ್ಷೆ ನೋಂದಾಯಿತ ಕೇಂದ್ರದಲ್ಲೇ ಆಗಬೇಕು, ಮಗು ಗಂಡೋ ಹೆಣ್ಣೋ ಎಂದು ಯಾರೂ ಹೇಳುವಂತಿಲ್ಲ, ನೀವೂ ಕೇಳುವಂತಿಲ್ಲ. ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲೇ ಗೊತ್ತಾಗುವುದಿಲ್ಲವೇ ಎಂದರೆ, ಕಿರುಬೆರಳಿನ ಒಂದು ಗೆಣ್ಣಿಲ್ಲದ್ದನ್ನು ಸ್ಕ್ಯಾನಿಂಗ್ ಭರವಸೆಯಿಂದ ತೋರಿಸುವುದಿಲ್ಲ. ಇನ್ನೊಂದು ದಾರಿ ಏನೂ ಪರೀಕ್ಷೆ ಮಾಡಿಸದೆ ಕಾಯುವುದು. ಹುಟ್ಟಿದ ದಿನವೇ ಬೆರಳು ನೋಡಿ, ಮೊದಲ ತಿಂಗಳಲ್ಲೇ ಕಿವಿ ಪರೀಕ್ಷೆ ಮಾಡಿಸಿದರೆ ಮಗು ಕಳೆದುಕೊಳ್ಳುವುದು ಏನೂ ಇಲ್ಲ. ಮುಂದಿನ ಬಸಿರಿಗಾದರೆ ದೇಹದ ಹೊರಗೆ ಪ್ರನಾಳದಲ್ಲಿ ಬೆಳೆಸಿದ ಭ್ರೂಣವನ್ನೇ ಪರೀಕ್ಷಿಸಿ ಗರ್ಭಕ್ಕೆ ಬಿಡುವ ವಿಧಾನವಿದೆ, ಆದರೆ ಖರ್ಚು ಲಕ್ಷಗಳಲ್ಲಿ, ಮೊದಲ ಯತ್ನದಲ್ಲೇ ಬಸಿರು ನಿಲ್ಲುತ್ತದೆಂಬ ಭರವಸೆಯೂ ಇಲ್ಲ.

'ತೆಗೆಸಿಬಿಡು' ಎಂದವರ ಮಾತಿಗೆ ಉತ್ತರ ಕೊಡಬೇಕಾದವರು ನೀವು, ನಾನಲ್ಲ. ಕಾನೂನಿನ ಪ್ರಕಾರ ವಯಸ್ಕ ಹೆಣ್ಣಿನ ಗರ್ಭಪಾತಕ್ಕೆ ಮನೆಯವರಲ್ಲಿ ಬೇಕಾದದ್ದು ಅವಳೊಬ್ಬಳ ಒಪ್ಪಿಗೆ ಮಾತ್ರ. ಗಂಡನದ್ದಾಗಲಿ ಅತ್ತೆಯದ್ದಾಗಲಿ ಬೇಕಿಲ್ಲ. ಹಾಗೆಯೇ ನಿಮಗೆ ಬೇಡವೆನಿಸಿದರೆ ಯಾರೂ ಬಲವಂತ ಮಾಡುವಂತಿಲ್ಲ. ವೈದ್ಯನಾಗಿ ನನ್ನ ಅನಿಸಿಕೆ ಕೇಳಿದರೆ ಹೇಳುತ್ತೇನೆ: ಈ ಸ್ಥಿತಿ ಬುದ್ಧಿಯನ್ನು ಕುಂದಿಸುವುದಿಲ್ಲ, ಆಯಸ್ಸನ್ನು ಮೊಟಕು ಮಾಡುವುದಿಲ್ಲ. ನಿಮ್ಮ ಯಜಮಾನರು ನಾಲ್ಕು ನೆಟ್ಟ ಬೆರಳುಗಳಲ್ಲಿ ಹಿಪ್ಪುನೇರಳೆ ಕಡ್ಡಿ ಕೊಯ್ದು, ಚಂದ್ರಿಕೆಗೆ ಹುಳು ಬಿಟ್ಟು, ಸಂಸಾರ ನಡೆಸುತ್ತಿದ್ದಾರೆ. ಈ ಸ್ಥಿತಿಯ ಬಗ್ಗೆ ನನಗಿಂತ ಹೆಚ್ಚು ಬಲ್ಲವರು ಅವರು. ಅವರನ್ನು ಕೇಳಿದಿರಾ? ಪತ್ರದಲ್ಲಿ ಎಲ್ಲರ ಮಾತೂ ಇದೆ, ಅವರದ್ದು ಮಾತ್ರ ಕಾಣಲಿಲ್ಲ.

ಮಾತ್ರೆ ಇಲ್ಲ. ನಾಗಿನ್ ಒಂದು ಪ್ರೋಟೀನ್. ನುಂಗಿದರೆ ಬೇಳೆಸಾರಿನ ಪ್ರೋಟೀನಿನಂತೆ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ಚುಚ್ಚುಮದ್ದಿನಲ್ಲಿ ಕೊಡುವಂತಾದರೂ ಅದು ಕಿರುಬೆರಳಿಗೆ ಮಾತ್ರ ಹೋಗಿ ನಿಲ್ಲುವುದಿಲ್ಲ. ಬಿಎಂಪಿ ಬೇಕಾದ ಕಡೆಯೆಲ್ಲ ಅದನ್ನು ತಡೆಯುತ್ತದೆ. ಕಪ್ಪೆಯ ದೊಡ್ಡ ತಲೆಯನ್ನು ನೆನಪಿಸಿಕೊಳ್ಳಿ. ಮೇಲಾಗಿ ಹೊತ್ತು ಮೀರಿದೆ. ಬೆರಳಿನ ಗೆಣ್ಣುಗಳ ಜಾಗ ನಿಗದಿಯಾಗುವುದು ಬಸಿರಿನ ಎರಡನೆಯ ತಿಂಗಳ ಸುಮಾರಿಗೆ. ನೀವು ಪತ್ರ ಬರೆಯುವ ಹೊತ್ತಿಗೆ ನಿಮ್ಮ ಮಗುವಿನ ಕೈಯಲ್ಲಿ ಅದು ಬಹುತೇಕ ತೀರ್ಮಾನವಾಗಿ ಹೋಗಿದೆ. ವೈದ್ಯರು ಕೊಟ್ಟ ಫೋಲಿಕ್ ಆಸಿಡ್ ಮತ್ತು ಕಬ್ಬಿಣದ ಮಾತ್ರೆ ನಿಲ್ಲಿಸಬೇಡಿ, ಅವುಗಳ ಕೆಲಸ ಬೇರೆ. ಸ್ಟೆಮ್ ಸೆಲ್ ಚುಚ್ಚುಮದ್ದಿನಿಂದ ಗೆಣ್ಣು ಬರಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ.

ಮಗಳ ಬೆರಳಿಗೆ ಆಪರೇಷನ್ ಬೇಡ ಎಂಬುದು ನನ್ನ ಸ್ಪಷ್ಟ ಸಲಹೆ. ಅಲ್ಲಿ ಕೆಟ್ಟ ಕೀಲು ಇಲ್ಲ, ಕೀಲೇ ಇಲ್ಲ. ಮೂಳೆ ಕತ್ತರಿಸಿ ಸಂದು ಮಾಡಿದರೂ ಅದನ್ನು ಮಡಚುವ ಸ್ನಾಯುರಜ್ಜು, ಸುತ್ತಲಿನ ಕಟ್ಟುಗಳು ಆ ಕೆಲಸಕ್ಕೆ ತಯಾರಾಗಿಲ್ಲ. ಬಹಳ ಸಲ ಮತ್ತೆ ಬಿಗಿಯುತ್ತದೆ, ಕೆಲವೊಮ್ಮೆ ಮೊದಲಿಗಿಂತ ಹೆಚ್ಚು ನೋವಾಗುತ್ತದೆ. ಎಣ್ಣೆ ಹಚ್ಚಿ ನೀವುವುದು, ಮೂಳೆ ಕಟ್ಟುವವರ ಬಳಿ ಎಳೆಸುವುದು ಇವೂ ಬೇಡ. ಮಡಚದ ಬೆರಳನ್ನು ಬಲವಂತವಾಗಿ ಮಡಚಿದರೆ ಮುರಿಯುವುದು ಮೂಳೆ. ಬರೆಯಲು ಶುರು ಮಾಡಿದಾಗ ದಪ್ಪ ಪೆನ್ಸಿಲ್ ಕೊಡಿ, ಅವಳದೇ ಹಿಡಿತ ಕಂಡುಕೊಳ್ಳಲಿ. ಬೇರೆ ಮಕ್ಕಳ ಹಾಗೆ ಹಿಡಿ ಎಂದು ಟೀಚರ್ ಒತ್ತಾಯಿಸದಿದ್ದರೆ ಸಾಕು.

ಅವಸರ ಮಾಡಬೇಕಾದದ್ದು ಕಿವಿಗೆ. ನಾಲ್ಕು ವರ್ಷ ಮಾತು ಕಟ್ಟುವ ವಯಸ್ಸು. ಇವತ್ತು ಸರಿಯಾಗಿ ಕೇಳದಿದ್ದರೆ ಆ ನಷ್ಟ ಬೆರಳಿಗಿಂತ ನೂರು ಪಾಲು ದೊಡ್ಡದು. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ವೈದ್ಯ ತಂಡಕ್ಕೆ ತೋರಿಸಿದರೆ ಜಿಲ್ಲಾ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೂ ಹೋಗಬಹುದು. ಗಾಳಿಯ ಮೂಲಕ ಮತ್ತು ಮೂಳೆಯ ಮೂಲಕ ಎಷ್ಟು ಕೇಳುತ್ತದೆ ಎಂದು ಬೇರೆ ಬೇರೆಯಾಗಿ ಅಳೆಯುತ್ತಾರೆ. ಮೂಳೆಯ ಮೂಲಕ ಚೆನ್ನಾಗಿ ಕೇಳಿ ಗಾಳಿಯ ಮೂಲಕ ಕೇಳದಿದ್ದರೆ ತೊಂದರೆ ರಿಕಾಪಿನಲ್ಲೇ ಇರುವ ಸಂಭವ ಹೆಚ್ಚು. ಎರಡೂ ಕಡಿಮೆಯಾಗಿದ್ದರೆ ಬೇರೆ ಕಾರಣ ಹುಡುಕಬೇಕು, ಆಗ ಸಂಬಂಧದ ಮದುವೆಯ ಮಾತನ್ನು ನಾನೇ ಮತ್ತೆ ಎತ್ತುತ್ತೇನೆ. ರಿಕಾಪಿನ ತೊಂದರೆಯಾದರೆ ಶ್ರವಣಯಂತ್ರ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ನರ ಗಟ್ಟಿಯಾಗಿದೆ. ಈ ವಯಸ್ಸಿಗೆ ನಾನು ಸೂಚಿಸುವುದು ಅದನ್ನೇ.

ರಿಕಾಪಿನ ಶಸ್ತ್ರಚಿಕಿತ್ಸೆಯೂ ಇದೆ. ಅಂಟಿದ ಪಾದದಲ್ಲಿ ರಂಧ್ರ ಮಾಡಿ ಸಣ್ಣ ಪಿಸ್ಟನ್ ಕೂರಿಸುತ್ತಾರೆ. ನಾಗಿನ್ ದೋಷವಿರುವವರಲ್ಲೂ ಒಳ್ಳೆಯ ಫಲ ಸಿಕ್ಕಿದೆ. ಆದರೆ ರಿಕಾಪಿನ ಇಂಥ ಶಸ್ತ್ರಚಿಕಿತ್ಸೆಯಲ್ಲಿ ನೂರರಲ್ಲಿ ಸುಮಾರು ಒಬ್ಬರಿಗೆ ಆ ಕಿವಿ ಪೂರ್ತಿ ಹೋಗುವ ಅಪಾಯವಿದೆ, ತಲೆಸುತ್ತು ಬರಬಹುದು, ಮತ್ತು ನಿಮ್ಮ ಮನೆಯ ಸ್ಥಿತಿಯಲ್ಲಿ ಮೂಳೆ ಮತ್ತೆ ಬೆಳೆದು ಕಿಟಕಿ ಮುಚ್ಚಿದ್ದೂ ಉಂಟು. ನೀರುಗಂಟಿ ಅರ್ಧ ದಿನ ಮಾತ್ರ ಕೆಲಸಕ್ಕೆ ಬರುವ ಮನೆ ಇದು. ಚಿಕ್ಕ ಮಕ್ಕಳಲ್ಲಿ ಪದೇ ಪದೇ ಕಿವಿ ಸೋರುವುದರಿಂದ ಸಾಮಾನ್ಯವಾಗಿ ದೊಡ್ಡವರಾಗುವವರೆಗೆ ಕಾಯುತ್ತೇವೆ. ಯಜಮಾನರು ಬೇಕಾದರೆ ಈಗಲೇ ಯೋಚಿಸಬಹುದು, ಒಂದು ಸಲಕ್ಕೆ ಒಂದೇ ಕಿವಿ.

ಇನ್ನೆರಡು ಸಂಗತಿ. ಇಂಥವರಲ್ಲಿ ಕೆಲವರಿಗೆ ಹತ್ತಿರದ್ದು ಕಾಣಲು ಕನ್ನಡಕ ಬೇಕಾಗುತ್ತದೆ, ಮಗಳ ಕಣ್ಣು ತೋರಿಸಿ. ಕೆಲವರಿಗೆ ಕುತ್ತಿಗೆಯ ಮೂಳೆಗಳೂ ಒಂದಕ್ಕೊಂದು ಬೆಸೆದಿರುತ್ತವೆ. ಆದ್ದರಿಂದ ಈ ಮನೆಯವರು ಯಾವುದೇ ಆಪರೇಷನ್‌ಗೆ ಮಲಗುವ ಮುಂಚೆ, ಅದು ಹರ್ನಿಯಾ ಆದರೂ ಸರಿ, ಅರಿವಳಿಕೆ ಕೊಡುವ ವೈದ್ಯರಿಗೆ ಬೆರಳು ತೋರಿಸಿ ವಿಷಯ ಹೇಳಬೇಕು. ಉಸಿರಿನ ನಳಿಕೆ ಹಾಕಲು ಕುತ್ತಿಗೆ ಹಿಂದಕ್ಕೆ ಬಾಗಿಸಬೇಕಾಗುತ್ತದೆ. ಬಾಗದ ಕುತ್ತಿಗೆ ಎಂದು ಅವರಿಗೆ ಮೊದಲೇ ತಿಳಿದಿರಬೇಕು.

ವಿದುರಾಶ್ವತ್ಥಕ್ಕೆ ಹೋಗಿಬನ್ನಿ, ಅತ್ತೆಯವರ ಮನಸ್ಸಿಗೆ ಸಮಾಧಾನವಾಗುವುದಾದರೆ ನನ್ನ ಅಡ್ಡಿಯಿಲ್ಲ. ಶ್ರವಣಯಂತ್ರಕ್ಕೆ ತೆಗೆದಿಟ್ಟ ದುಡ್ಡು ಮಾತ್ರ ನಾಗರಕಲ್ಲಿಗೆ ಹೋಗದಿರಲಿ. ಮುಂದಿನ ವಾರ ವೈದ್ಯರ ಬಳಿ ಹೋಗುವಾಗ ವರದಿಯ ಎಲ್ಲ ಪುಟಗಳು, ಮಗಳ ಕೈಯ ಎಕ್ಸ್‌ರೇ, ಮತ್ತು ಸಾಧ್ಯವಾದರೆ ಮಾವನವರನ್ನೂ ಕರೆದುಕೊಂಡು ಹೋಗಿ. ಕಿವಿ ಪರೀಕ್ಷೆಯ ದಿನ ಮಗಳಿಗೆ ನೆಗಡಿಯಿದ್ದರೆ ಒಂದೆರಡು ವಾರ ಮುಂದೂಡಿ. ಕಿವಿಯೊಳಗೆ ನೀರು ತುಂಬಿದ್ದರೆ ಅದೂ ರಿಕಾಪು ಅಂಟಿದ ಹಾಗೆಯೇ ತೋರಿಸಿ ಲೆಕ್ಕ ತಪ್ಪಿಸುತ್ತದೆ.